ನಿದ್ರಿಸುವ ಬಾವಲಿಯನ್ನು ಎಬ್ಬಿಸಬೇಡಿ

ಚಳಿಗಾಲದಲ್ಲಿ ಬಾವಲಿಗಳು ನಿದ್ರಿಸುತ್ತವೆ ಎಂಬುದು ನಾವು ಅನುಕೂಲಕ್ಕಾಗಿ ಆಡುವ ಮಾತು. ಅದು ನಿದ್ರೆಗಿಂತ ಸಾವಿಗೆ ಸಮೀಪವಾದ ಸ್ಥಿತಿ. ಉತ್ತರ ಅಮೆರಿಕದ ಪುಟ್ಟ ಕಂದು ಬಾವಲಿಯ ತೂಕ ಹತ್ತು ಗ್ರಾಂನ ಆಸುಪಾಸು. ಹಾರುವಾಗ ನಿಮಿಷಕ್ಕೆ ನೂರಾರು ಬಾರಿ ಮಿಡಿಯುವ ಅದರ ಹೃದಯ, ಶಿಶಿರ ನಿದ್ರೆಯಲ್ಲಿ ಹತ್ತಿಪ್ಪತ್ತು ಬಡಿತಕ್ಕೆ ಇಳಿಯುತ್ತದೆ. ಮೈಯ ಉಷ್ಣತೆ ಗುಹೆಯ ಶೀತದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹೀಗೆಯೇ ಅದು ಆರು ತಿಂಗಳು ಕಳೆಯಬಲ್ಲದು.

ಇದಕ್ಕೆ ಬಾವಲಿಗೆಂದೇ ಮೀಸಲಾದ ಯಾವುದೋ ವಿಶೇಷ ವಂಶವಾಹಿ ಇರಬೇಕೆಂದು ನಾವು ಊಹಿಸುತ್ತೇವೆ. ವಿಜ್ಞಾನವು ಕಂಡುಕೊಂಡದ್ದು ಬೇರೆ. ಈ ಕಾರ್ಯದಲ್ಲಿ ತೊಡಗುವ ವಂಶವಾಹಿಗಳಲ್ಲಿ ಬಹುಪಾಲು ಮನುಷ್ಯನೂ ಸೇರಿದಂತೆ ಇತರ ಸಸ್ತನಿಗಳಲ್ಲಿಯೂ ಇವೆ. ಅವುಗಳಲ್ಲಿ ಯಾವುದು ಯಾವಾಗ ಚುರುಕಾಗಬೇಕು, ಯಾವುದು ತಣ್ಣಗಿರಬೇಕು ಎಂಬ ನಿಯಂತ್ರಣದಲ್ಲಿಯೇ ವ್ಯತ್ಯಾಸವಿರುವುದು. ಅಕ್ಷರಮಾಲೆ ಒಂದೇ, ಬರೆದ ವಾಕ್ಯ ಬೇರೆ. ಚಳಿಗಾಲ ಬಂದಾಗ ಸಕ್ಕರೆಯನ್ನು ಉರಿಸುವ ವ್ಯವಸ್ಥೆ ಹಿಂದೆ ಸರಿದು, ಕೊಬ್ಬನ್ನು ಉರಿಸುವ ವ್ಯವಸ್ಥೆ ಮುಂದೆ ಬರುತ್ತದೆ. ಸೈಬೀರಿಯಾದಲ್ಲಿ ಗುರುತಿನ ಬಳೆ ತೊಡಿಸಿದ್ದ ಬ್ರಾಂಟ್ ಬಾವಲಿಯೊಂದು 41 ವರ್ಷಗಳ ಬಳಿಕ ಜೀವಂತವಾಗಿ ಸಿಕ್ಕಿತ್ತು. 2013ರಲ್ಲಿ ಆ ಜಾತಿಯ ಜೀನೋಮ್ ಓದಿದಾಗ ಬೆಳವಣಿಗೆಯ ಹಾರ್ಮೋನಿನ ಗ್ರಾಹಕದಲ್ಲಿ ಅಪೂರ್ವ ಬದಲಾವಣೆಗಳು ಕಂಡುಬಂದವು. ಇಲಿಗಿಂತ ಹಗುರವಾದ ಪ್ರಾಣಿಗೆ ಇಷ್ಟು ಆಯುಷ್ಯ!

ಆದರೆ ಈ ಇಡೀ ಏರ್ಪಾಡು ಒಂದು ಲೆಕ್ಕಾಚಾರದ ಮೇಲೆ ನಿಂತಿದೆ. ಬಾವಲಿ ಕೆಲವು ವಾರಗಳಿಗೊಮ್ಮೆ ಮೈ ಬಿಸಿ ಮಾಡಿಕೊಂಡು ಎಚ್ಚರಗೊಳ್ಳುತ್ತದೆ. ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಬಹುಭಾಗ ವ್ಯಯವಾಗುವುದು ಈ ಅಲ್ಪಾವಧಿಯ ಎಚ್ಚರಗಳಲ್ಲಿಯೇ. ಎಚ್ಚರಗಳು ಮಿತಿಮೀರಿದರೆ ವಸಂತಕ್ಕೆ ಮುನ್ನವೇ ಬುತ್ತಿ ಬರಿದಾಗುತ್ತದೆ. ಹೊರಗೆ ಹಿಡಿದು ತಿನ್ನಲು ಕೀಟಗಳೂ ಇರುವುದಿಲ್ಲ.

2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಾಣಿಸಿಕೊಂಡ ಬಿಳಿಮೂಗು ರೋಗ ಪೆಟ್ಟು ಕೊಟ್ಟದ್ದು ಈ ಲೆಕ್ಕಕ್ಕೇ. ಶೀತದಲ್ಲಿ ಬೆಳೆಯುವ ಶಿಲೀಂಧ್ರವು, ರೋಗನಿರೋಧಕ ಶಕ್ತಿ ಕುಗ್ಗಿ ಮಲಗಿರುವ ಬಾವಲಿಯ ಮೂಗು, ರೆಕ್ಕೆಗಳ ಮೇಲೆ ಹಬ್ಬುತ್ತದೆ. ಬಾವಲಿ ಮತ್ತೆ ಮತ್ತೆ ಎಚ್ಚರಗೊಂಡು, ಹಸಿದು ಸಾಯುತ್ತದೆ. ಹೀಗೆ ಸತ್ತವುಗಳ ಸಂಖ್ಯೆ ದಶಲಕ್ಷಗಳಲ್ಲಿದೆ. ಇದೇ ಶಿಲೀಂಧ್ರದೊಂದಿಗೆ ಯುರೋಪಿನ ಬಾವಲಿಗಳು ಬದುಕಿಕೊಂಡಿವೆ.

ಬದುಕುಳಿದ ಕೆಲವು ಪುಟ್ಟ ಕಂದು ಬಾವಲಿಗಳಲ್ಲಿ, ಎಚ್ಚರ ಹಾಗೂ ಕೊಬ್ಬಿನ ಬಳಕೆಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ವ್ಯತ್ಯಾಸ ಕಂಡಿದೆಯೆಂದು 2020ರ ಅಧ್ಯಯನವೊಂದು ತಿಳಿಸಿತು. ಇದನ್ನೇ ಹಿಡಿದು, ಪ್ರಕೃತಿ ತಾನೇ ದಾರಿ ಕಂಡುಕೊಳ್ಳುತ್ತದೆ, ನಾವೇಕೆ ತಲೆ ಹಾಕಬೇಕು ಎನ್ನುವವರಿದ್ದಾರೆ. ಈ ನಿಶ್ಚಿಂತೆಯನ್ನು ನಾನು ಒಪ್ಪಲಾರೆ. ಈ ಬಾವಲಿ ವರ್ಷಕ್ಕೆ ಹೆರುವುದು ಒಂದೇ ಮರಿ. ತೊಂಬತ್ತು ಪಾಲು ನಾಶವಾದ ಹಿಂಡು ಆ ವೇಗದಲ್ಲಿ ತುಂಬಿಕೊಳ್ಳಲು ದಶಕಗಳೇ ಬೇಕು, ಅದೂ ಯಾರೂ ಕದಡದಿದ್ದರೆ. ರೋಗ ಹರಡುವುದು ಮುಖ್ಯವಾಗಿ ಬಾವಲಿಯಿಂದ ಬಾವಲಿಗೆ ಎಂಬುದು ನಿಜ. ಆದರೂ ಗುಹೆ ನೋಡಲು ಹೋಗುವವರ ಬೂಟು, ಬಟ್ಟೆಗಳು ಶಿಲೀಂಧ್ರದ ಕಣಗಳನ್ನು ಹೊತ್ತೊಯ್ಯಬಲ್ಲವು; ಅವರ ದೀಪ, ಮಾತುಗಳು ಮಲಗಿರುವ ಬಾವಲಿಗಳನ್ನು ಎಬ್ಬಿಸಬಲ್ಲವು.

ಬಾವಲಿ ಹಾರಿಹೋಗಬಲ್ಲ, ಮನುಷ್ಯ ನುಸುಳಲಾಗದ ಅಡ್ಡ ಸಲಾಕೆಗಳ ಬಾಗಿಲುಗಳನ್ನು ಅಮೆರಿಕದ ಹಲವು ಗುಹೆಗಳಿಗೆ ಈಗಾಗಲೇ ಅಳವಡಿಸಲಾಗಿದೆ. ಬಾವಲಿಗಳು ತಂಗುವ ಉಳಿದ ಗುಹೆಗಳಿಗೂ ಅವನ್ನು ಹಾಕಿ, ಚಳಿಗಾಲ ಮುಗಿಯುವವರೆಗೆ ಬೀಗ ತೆರೆಯದಿರಲಿ. ಪ್ರವಾಸಿಗರಿಗೆ ಬೇಸಿಗೆ ಇದ್ದೇ ಇದೆ.