ಕಂಪ್ರೆಸರ್‌ನ ಸೇಫ್ಟಿ ವಾಲ್ವ್ ಬಿಗಿ ಮಾಡಿದರೆ ಗಾಳಿ ಉಳಿಯುತ್ತದೆಯೇ?

"ವಾಲ್ವ್ ಸುಯ್ ಅಂತದ, ಗಾಳಿ ಸುಮ್ನೆ ಹೊಂಟದ, ಬಿಗಿ ಮಾಡ್ರಿ." ಗ್ಯಾರೇಜುಗಳಲ್ಲಿ ಸಲೀಸಾಗಿ ಸಿಗುವ ಸಲಹೆ ಇದು. ಸೇಡಂ, ಚಿತ್ತಾಪುರ, ಚಿಂಚೋಳಿಯ ಪಂಕ್ಚರ್ ಅಂಗಡಿಗಳಿಂದ ಹಿಡಿದು ವಾಡಿಯ ಸಿಮೆಂಟ್ ಲಾರಿಗಳ ಗ್ಯಾರೇಜು, ಶಹಾಬಾದ್‌ನ ಕಲ್ಲಿನ ಕೆಲಸದವರೆಗೆ ಕಂಪ್ರೆಸರ್ ಇಲ್ಲದೆ ದಿನ ಸಾಗದು. ಹಾಗಾಗಿ ನೇರವಾಗಿ ಹೇಳುತ್ತೇವೆ: ಈ ಸಲಹೆ ತಪ್ಪು ಮಾತ್ರವಲ್ಲ, ಅಪಾಯಕಾರಿ.

ಏಕೆಂದು ಲೆಕ್ಕ ಹಾಕೋಣ. ಗೇಜಿನಲ್ಲಿ 150 ಪಿಎಸ್‌ಐ ಎಂದರೆ ಪ್ರತಿ ಚದರ ಇಂಚಿನ ಮೇಲೆ 150 ಪೌಂಡ್, ಅಂದರೆ ಸುಮಾರು 68 ಕೆಜಿ ಒತ್ತಡ. ಟ್ಯಾಂಕಿನ ಅಡ್ಡಗಲ 18 ಇಂಚು ಇದ್ದರೆ ಅದರ ಒಂದು ತುದಿಯ ಮುಚ್ಚಳದ ಮೇಲೆ ಬೀಳುವ ಬಲ ಸುಮಾರು 17 ಟನ್. ತುಂಬಿದ ಲಾರಿಯೊಂದು ಆ ತಗಡಿಗೆ ಒರಗಿ ನಿಂತಂತೆ! ಒಳಗೆ ನೀರು ನಿಂತು ತುಕ್ಕು ಹಿಡಿದಿದ್ದರೆ ತಗಡು ಇನ್ನೂ ತೆಳು. ದಿನವೂ ಕೆಳಗಿನ ಡ್ರೈನ್ ವಾಲ್ವ್ ತೆರೆದು ನೀರು ಬಿಡಬೇಕು ಎನ್ನುವುದು ಅದಕ್ಕೇ.

ಗೊಂದಲದ ಮೂಲ ಬೇರೆಡೆ ಇದೆ. ರೆಗ್ಯುಲೇಟರ್ ಮತ್ತು ಸೇಫ್ಟಿ ವಾಲ್ವ್ ಎರಡೂ "ಪ್ರೆಷರ್ ಕಂಟ್ರೋಲ್" ಮಾಡುತ್ತವೆ ಎಂದು ಒಂದೇ ಸಾಲಿಗೆ ಸೇರಿಸುತ್ತೇವೆ. ರೆಗ್ಯುಲೇಟರ್ ಇರುವುದು ಕೆಲಸಕ್ಕಾಗಿ. ಟ್ಯಾಂಕಿನಲ್ಲಿ 120 ಇದ್ದರೂ ಕಾರಿನ ಟೈರಿಗೆ 30-35 ಸಾಕು, ಇಂಪ್ಯಾಕ್ಟ್ ಗನ್ನಿಗೆ 90ರ ಆಸುಪಾಸು ಬೇಕು. ಅಷ್ಟನ್ನೇ ಮುಂದೆ ಬಿಡುವುದು ಅದರ ಪಾಲು. ಕೊಳ್ಳುವಾಗ ರಿಲೀವಿಂಗ್ ಬಗೆಯದನ್ನೇ ಕೇಳಿ. ಒತ್ತಡ ಇಳಿಸಿದಾಗ ಪೈಪಿನಲ್ಲಿ ಉಳಿದ ಹೆಚ್ಚಿನ ಗಾಳಿಯನ್ನು ಅದು ತಾನೇ ಹೊರಹಾಕುತ್ತದೆ. ಆದರೆ ಟ್ಯಾಂಕಿನೊಳಗೆ ಒತ್ತಡ ಏರುತ್ತಿದ್ದರೆ ರೆಗ್ಯುಲೇಟರಿಗೆ ಅದರ ಸುಳಿವೂ ಇರುವುದಿಲ್ಲ.

ಮೋಟಾರು ನಿಲ್ಲಿಸುವುದು ಪ್ರೆಷರ್ ಸ್ವಿಚ್. ಅದೂ ಕೈಕೊಟ್ಟರೆ? ಆಗ ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಕುಕ್ಕರಿನ ವಿಷಲ್ ಮುಚ್ಚಿಹೋದಾಗ ಸೇಫ್ಟಿ ಪ್ಲಗ್ ಕರಗಿ ನಮ್ಮನ್ನು ಕಾಯುವುದಿಲ್ಲವೇ, ಹಾಗೆ.

ಇದನ್ನು ಆರಿಸುವಾಗ ಅಂಗಡಿಯವರು ಥ್ರೆಡ್ ಅಳತೆಯನ್ನಷ್ಟೇ ಕೇಳುತ್ತಾರೆ. ಅದು ಸಾಲದು. ಟ್ಯಾಂಕಿನ ಫಲಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ನೋಡಿ; ವಾಲ್ವ್ ಅದನ್ನು ಮೀರುವ ಮೊದಲೇ ತೆರೆಯಬೇಕು. ಕಂಪ್ರೆಸರ್ ನಿಮಿಷಕ್ಕೆ ತುಂಬುವಷ್ಟು ಗಾಳಿಯನ್ನಾದರೂ ಅದು ಹೊರಬಿಡಬಲ್ಲದಿರಬೇಕು, ಇಲ್ಲದಿದ್ದರೆ ತೆರೆದರೂ ಒತ್ತಡ ಏರುತ್ತಲೇ ಹೋಗುತ್ತದೆ. ಟ್ಯಾಂಕಿಗೂ ಇದಕ್ಕೂ ನಡುವೆ ಯಾವ ಬಾಲ್ ವಾಲ್ವ್ ಕೂಡ ಬೇಡ. ಟ್ಯಾಂಕಿನ ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ನೇ ಹೇಳಿತ್ತು. ರಸ್ತೆ ಬದಿಯ ಅಂಗಡಿಗೆ ಆ ಕಾಯ್ದೆ ತಟ್ಟದಿರಬಹುದು, ಟ್ಯಾಂಕಿಗೆ ಆ ವ್ಯತ್ಯಾಸ ತಿಳಿಯದು.

ಹಾಗಾದರೆ ಸುಯ್ ಎಂದಾಗ ಏನು ಮಾಡುವುದು? ಮೋಟಾರು ನಿಲ್ಲಿಸಿ, ಸದ್ದು ಎಲ್ಲಿಂದ ಎಂದು ಗಮನಿಸಿ. ಪ್ರೆಷರ್ ಸ್ವಿಚ್ಚಿನ ಕೆಳಗಿಂದ ನಿಲ್ಲದೆ ಬರುತ್ತಿದ್ದರೆ ಹೆಚ್ಚಾಗಿ ನಾನ್ ರಿಟರ್ನ್ ವಾಲ್ವ್ ಸೋರುತ್ತಿದೆ. ಸೇಫ್ಟಿ ವಾಲ್ವ್‌ನಿಂದಲೇ ಆದರೆ ಗೇಜ್ ನೋಡಿ. ಮೋಟಾರು ನಿಲ್ಲಬೇಕಾದ ಗುರುತನ್ನು ಮುಳ್ಳು ದಾಟಿದ್ದರೆ ಕೆಟ್ಟಿರುವುದು ಸ್ವಿಚ್. ಅದಕ್ಕಿಂತ ಕೆಳಗಿದ್ದರೆ ವಾಲ್ವ್‌ನ ಸೀಟಿಗೆ ಕಲ್ಲಿನ ಧೂಳು ಕೂತಿರಬಹುದು ಅಥವಾ ಸ್ಪ್ರಿಂಗ್ ಸೋತಿರಬಹುದು. ಟ್ಯಾಂಕಿನ ಗಾಳಿ ಪೂರ್ತಿ ಖಾಲಿ ಮಾಡಿ, ಹೊಸ ವಾಲ್ವ್ ಹಾಕಿಸಿ.