ಅಂಗೈಯಗಲದ ಉದ್ಯಾನಗಳನ್ನು ಉಳಿಸಿಕೊಳ್ಳೋಣ

ಬೆಂಗಳೂರಿನ ನೆರೆಹೊರೆಯವರೇ,

ನಿಮ್ಮ ಬೀದಿಯಲ್ಲೂ ಅಂಥದೊಂದು ಜಾಗ ಇದ್ದೇ ಇರುತ್ತದೆ: ಮೂರು ರಸ್ತೆ ಕೂಡುವಲ್ಲಿ ಉಳಿದ ತ್ರಿಕೋನ, ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆ, ಸೈಟುಗಳ ಲೆಕ್ಕಕ್ಕೆ ಸಿಗದೆ ಮಿಕ್ಕ ತುಂಡು ನೆಲ. ಕಸದ ಚೀಲಗಳು ಬಂದು ಬೀಳುವುದೂ ಅಲ್ಲಿಯೇ. ಆ ನೆಲದ ಪರವಾಗಿ ಈ ಮನವಿ.

ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ರಸ್ತೆಯ ನಟ್ಟನಡುವೆ 'ಮಿಲ್ ಎಂಡ್ಸ್' ಎಂಬ ಉದ್ಯಾನವಿದೆ. ಅದರ ಅಡ್ಡಗಲ ಎರಡೇ ಅಡಿ, ನಮ್ಮ ತುಳಸಿಕಟ್ಟೆಯಷ್ಟು. ದೀಪದ ಕಂಬಕ್ಕೆಂದು ತೋಡಿದ ಗುಂಡಿ ಅದು. ಕಂಬ ಬರಲಿಲ್ಲ, ಕಳೆ ಬೆಳೆಯಿತು. ಪತ್ರಿಕಾ ಕಚೇರಿಯ ಕಿಟಕಿಯಿಂದ ಅದನ್ನು ಕಾಣುತ್ತಿದ್ದ ಅಂಕಣಕಾರ ಡಿಕ್ ಫಾಗನ್ 1948ರಲ್ಲಿ ಅಲ್ಲಿ ಹೂಗಿಡ ನೆಟ್ಟು ತಮ್ಮ ಅಂಕಣದ ಹೆಸರನ್ನೇ ಇಟ್ಟರು. ಸಾಮಿಲ್ಲಿನಲ್ಲಿ ಕೊಯ್ದು ಮಿಕ್ಕ ಮರದ ತುಂಡುಗಳು ಎಂದು ಅದರ ಅರ್ಥ. ಐರಿಷ್ ಕಥೆಗಳ ಕುಳ್ಳ ಯಕ್ಷರು ಅಲ್ಲಿ ನೆಲೆಸಿದ್ದಾರೆಂದೂ ಬರೆದರು. 1969ರಲ್ಲಿ ಫಾಗನ್ ತೀರಿಕೊಂಡರೂ ಊರು ಆ ಗುಂಡಿಯ ಕೈಬಿಡಲಿಲ್ಲ. 1976ರಲ್ಲಿ ಅದು ನಗರದ ಅಧಿಕೃತ ಉದ್ಯಾನವಾಯಿತು. 2006ರಲ್ಲಿ ರಸ್ತೆ ಕಾಮಗಾರಿ ಬಂದಾಗ ಅದನ್ನು ಜೋಪಾನವಾಗಿ ತೆಗೆದಿಟ್ಟು, ಮರುವರ್ಷ ಮತ್ತೆ ತಂದು ಕೂರಿಸಿದರು.

ನ್ಯೂಯಾರ್ಕಿನಲ್ಲಿ 1967ರಲ್ಲಿ ತೆರೆದ ಪೇಲಿ ಪಾರ್ಕ್ 4,200 ಚದರಡಿಯದು. ನಮ್ಮ 60–40ರ ಎರಡು ಸೈಟಿಗೂ ಕಡಿಮೆ. ಅಲ್ಲಿ 20 ಅಡಿ ಎತ್ತರದಿಂದ ನೀರು ಸುರಿಯುವ ಸದ್ದಿಗೆ ಬೀದಿಯ ಗದ್ದಲ ಕೇಳದಾಗುತ್ತದೆ.

ಈ ಬುದ್ಧಿ ನಮಗೇನೂ ಹೊಸದಲ್ಲ. ಅರಳಿ–ಬೇವು ಜೊತೆಯಾಗಿ ನೆಟ್ಟು, ಸುತ್ತ ಕಲ್ಲು ಕಟ್ಟಿ, ದಾರಿಹೋಕರಿಗೆ ನೆರಳು ಕೊಟ್ಟವರು ನಮ್ಮ ಹಿರಿಯರು. ಮಿಕ್ಕ ಬಟ್ಟೆಚೂರುಗಳಿಂದ ಕೌದಿ ಹೊಲಿದವರು ನಮ್ಮ ಅಜ್ಜಿಯರು. ಚೂರನ್ನು ಚೂರೆಂದು ಎಸೆಯದವರ ಮೊಮ್ಮಕ್ಕಳು ನಾವು.

ಕೇಳಿಕೊಳ್ಳುವುದಿಷ್ಟೆ. ನಿಮ್ಮ ಮೂಲೆಗೆ ಕಸ ಬೀಳದಂತೆ ನೋಡಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ನೀರುಣಿಸುವ ಸರದಿ ಹಾಕಿಕೊಳ್ಳಿ. ದಾಸವಾಳ, ನಂದಿಬಟ್ಟಲು ಸಾಕು. ದುಬಾರಿ ಗಿಡ ಬೇಡ. ಅಜ್ಜ–ಅಜ್ಜಿಯರಿಗೆ ಕೂರಲು ಒಂದು ಕಲ್ಲುಬೆಂಚು ಇರಲಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಯಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ನಿಮ್ಮ ಮೂಲೆ ಆ ಕಾಯ್ದೆಯ ಪಟ್ಟಿಯಲ್ಲಿದೆಯೇ ಎಂದು ವಾರ್ಡ್ ಕಚೇರಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ಅರ್ಜಿ ಕೊಡಿ, ಬೀದಿಯವರೆಲ್ಲ ಸಹಿ ಹಾಕಿ.

ಲಾಲ್‌ಬಾಗನ್ನು ಕಾಯಲು ಸರ್ಕಾರವಿದೆ. ಆ ತ್ರಿಕೋನಕ್ಕೆ ಇರುವುದು ನೀವೊಬ್ಬರೇ. ಈ ಭಾನುವಾರ ಬೆಳಿಗ್ಗೆ ಒಂದು ಕೊಡ ನೀರು ಹಿಡಿದು ಅಲ್ಲಿಗೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.