ಮಳೆ ಲೆಕ್ಕಕ್ಕೆ ಓಆರ್‌ಎಂ ಯಾಕ್ರೀ ಬೇಕು?

ಬಹಳ ದಿನದಿಂದ ಇತ್ತ ತಲೆ ಹಾಕಿರಲಿಲ್ಲ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದ್ದೀನಿ. ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ಮಡಿ ಇದೆ: "ಎಲ್ಲಾ ಓಆರ್‌ಎಂ ಮೂಲಕವೇ ಆಗಬೇಕು, ಕೈಯಾರೆ ಎಸ್‌ಕ್ಯೂಎಲ್ ಬರೆದರೆ ಮೈಲಿಗೆ." ಟೈಮ್‌ಸ್ಕೇಲ್‌ಡಿಬಿ ಹಾಕಿಕೊಂಡ ಮೇಲೂ ಇದೇ ಹಠ. ಯಾಕ್ ಸ್ವಾಮಿ?

ಈ ದಂಧೆಯಲ್ಲಿ ಇಲ್ಲದವರಿಗೆ ಎರಡು ಮಾತು. ಓಆರ್‌ಎಂ ಅಂದರೆ ಡೇಟಾಬೇಸಿನ ಒಂದೊಂದು ಸಾಲನ್ನೂ ಪ್ರೋಗ್ರಾಮಿಗೆ ಒಂದೊಂದು ಆಬ್ಜೆಕ್ಟ್ ಮಾಡಿ ಕೊಡುವ ದುಭಾಷಿ. ಟೈಮ್‌ಸ್ಕೇಲ್‌ಡಿಬಿ 2017ರಲ್ಲಿ ಬಂದ, ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಎಕ್ಸ್‌ಟೆನ್ಶನ್. ಹೊತ್ತುಹೊತ್ತಿಗೆ ಬರುವ ಅಳತೆಗಳನ್ನು ಸಮಯದ ಪ್ರಕಾರ ತುಂಡು ಮಾಡಿ ಇಡುತ್ತದೆ. ನೀವೇನೂ ಹೇಳದಿದ್ದರೆ 7 ದಿನಕ್ಕೊಂದು ತುಂಡು.

ಉದಾಹರಣೆಗೆ ಮಳೆಯನ್ನೇ ತಗೊಳ್ಳಿ. ನಮ್ಮೂರು ಆಳಂದ ತಾಲ್ಲೂಕಿನ ಖಜೂರಿ, ತೊಗರಿ ಸೀಮೆ. "ಮಳಿ ಎಷ್ಟ್ ಆಗ್ಯಾದ" ಅನ್ನೋದು ನಮ್ಮಲ್ಲಿ ಕುಶಲೋಪರಿ ಅಲ್ಲ, ವರ್ಷದ ಗಂಜಿಯ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಹೊಲಗಳು ಏನಾದವು ಅಂತ ನೋಡಿದವರಿಗೆ ಹೇಳಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಹಾಕಿರುವ ಮಳೆ ಮಾಪಕಗಳು ಸುಮಾರು 6,500. 15 ನಿಮಿಷಕ್ಕೊಂದು ಅಳತೆ ಅಂದರೆ ದಿನಕ್ಕೆ 6,24,000 ಸಾಲು, ವರ್ಷಕ್ಕೆ ಹತ್ತಿರ ಹತ್ತಿರ 23 ಕೋಟಿ! ಈ ಗಾತ್ರದ ರಾಶಿಯನ್ನು ಒಂದೊಂದು ಕಾಳಿಗೂ ಹೆಸರಿಟ್ಟು ಅಳೆಯುತ್ತೀರಾ?

ಓಆರ್‌ಎಂ ಮಾಡುವುದು ಅದನ್ನೇ. ಜ್ಯಾಂಗೋ ಸುಮ್ಮನೆ ಬಿಟ್ಟರೆ ಪ್ರತಿ ಸಾಲಿಗೂ ಐಡಿ ಅಂತ ಒಂದು ಪ್ರೈಮರಿ ಕೀ ಅಂಟಿಸುತ್ತದೆ. ಟೈಮ್‌ಸ್ಕೇಲ್ ಒಪ್ಪುವುದಿಲ್ಲ, ಯೂನಿಕ್ ಕೀ ಯಾವುದೇ ಇರಲಿ, ಅದರಲ್ಲಿ ಸಮಯದ ಕಾಲಂ ಇರಲೇಬೇಕು ಅನ್ನುತ್ತದೆ. ಅದು ಹೇಳೋದೇ ಸರಿ. ಯಾವ ಮಾಪಕ, ಯಾವ ಹೊತ್ತು — ಅಳತೆಯ ಗುರುತು ಇಷ್ಟೇ. ಇಂಥ ಜೋಡಿ ಕೀಯನ್ನು ಜ್ಯಾಂಗೋ ಒಪ್ಪಿಕೊಂಡಿದ್ದು 2025ರ 5.2 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಜನ ಮಾಡೆಲ್‌ನಲ್ಲಿ ಒಂದು ಸುಳ್ಳು, ಟೇಬಲ್‌ನಲ್ಲಿ ಇನ್ನೊಂದು ನಿಜ ಇಟ್ಟುಕೊಂಡು ಸಂಸಾರ ಮಾಡಿದರು.

ಅದಾದರೂ ಹೋಗಲಿ ಅನ್ನಿ. ನಿಜವಾದ ಅಪಾಯ "ದಿನ" ಅನ್ನೋ ಪದದಲ್ಲಿದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಓಆರ್‌ಎಂನ ದಿನ ನಡುರಾತ್ರಿಗೆ ಶುರು. ಟೈಮ್‌ಸ್ಕೇಲ್‌ನ ಟೈಮ್ ಬಕೆಟ್‌ಗೆ ಏನೂ ಹೇಳದಿದ್ದರೆ ಯುಟಿಸಿ ನಡುರಾತ್ರಿ, ಅಂದರೆ ನಮ್ಮ 5.30. ಈಗ ರಾತ್ರಿ 10ರಿಂದ 2ರವರೆಗೆ 70 ಮಿಲಿಮೀಟರ್ ಸುರಿಯಿತು ಅಂದುಕೊಳ್ಳಿ, 12ಕ್ಕೆ ಮುಂಚೆ 40, ಆಮೇಲೆ 30. ಇಲಾಖೆಯ ಅಳತೆಯಲ್ಲಿ 64.5 ದಾಟಿದರೆ ಭಾರೀ ಮಳೆ. ಓಆರ್‌ಎಂ ಕೊಡುವ ಪಟ್ಟಿಯಲ್ಲಿ ಎರಡು ಸಾಧಾರಣ ದಿನ! ಹೊಲದಲ್ಲಿ ನೀರು ನಿಂತಿದೆ, ಕಾಗದದಲ್ಲಿ ಭಾರೀ ಮಳೆಯೇ ಇಲ್ಲ. ಪರಿಹಾರ ಅಂದರೆ ಬಕೆಟ್‌ಗೆ 3 ಗಂಟೆ ಆಫ್‌ಸೆಟ್, ಎಸ್‌ಕ್ಯೂಎಲ್‌ನಲ್ಲಿ ಒಂದೇ ಸಾಲು. ಆ ಸಾಲು ಕಣ್ಣಿಗೆ ಕಾಣುವಂತಿರಬೇಕು ಅನ್ನೋದೇ ನನ್ನ ವಾದ. ಮೂರು ಪದರದ ಕೆಳಗೆ ಹೂತಿಟ್ಟರೆ ತಪ್ಪು ಯಾರಿಗೂ ಕಾಣುವುದಿಲ್ಲ.

"ನಾಳೆ ಡೇಟಾಬೇಸ್ ಬದಲಾಯಿಸಿದರೆ?" ಅಂತೀರಾ. ಟೈಮ್‌ಸ್ಕೇಲ್ ಆರಿಸಿದ ದಿನವೇ ಪೋಸ್ಟ್‌ಗ್ರೆಸ್‌ಗೆ ತಾಳಿ ಕಟ್ಟಿಯಾಯಿತು ಬಿಡಿ :-) "ಇಂಜೆಕ್ಷನ್ ಆಗುತ್ತೆ"? ಪ್ಯಾರಾಮೀಟರ್ ಇರೋದು ಯಾಕೆ? "ಹೊಸ ಹುಡುಗರಿಗೆ ಎಸ್‌ಕ್ಯೂಎಲ್ ಬರಲ್ಲ"? ಕಲಿಸಿ! ಓಆರ್‌ಎಂ ತಪ್ಪಿದಾಗ ಹುಡುಕಬೇಕಾದವರು ಅವರೇ ತಾನೆ?

ಓಆರ್‌ಎಂ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಪಕಗಳ ಪಟ್ಟಿ, ಬಳಕೆದಾರರು, ಲಾಗಿನ್ — ಅಲ್ಲಿ ಧಾರಾಳವಾಗಿ ಬಳಸಿ, ನಾನೂ ಬಳಸುತ್ತೇನೆ. ಅವೆಲ್ಲ ಹೆಸರಿರುವ ವಸ್ತುಗಳು. ಮಳೆ ವಸ್ತುವಲ್ಲ ಕಣ್ರೀ, ಅದು ಲೆಕ್ಕ. ಲೆಕ್ಕವನ್ನು ಲೆಕ್ಕದ ಭಾಷೆಯಲ್ಲೇ ಬರೆಯೋಣ.

ನೀವೇನಂತೀರಾ? ಬೈಯೋದಿದ್ದರೆ ಕಾಮೆಂಟಿನಲ್ಲಿ ಬೈಯಿರಿ, ಉತ್ತರ ಕೊಡುತ್ತೇನೆ.